ದಿನನಿತ್ಯದ ಓಡಾಟಕ್ಕೆ ಹೆಲ್ಮೆಟ್, ಬಿಸಿಲಿಗೆ ತಾನೇ ಕಪ್ಪಾಗುವ ಗ್ಲಾಸ್: ಆರಿಸುವುದು ಹೇಗೆ?

ಓದುಗರು ಕೇಳುತ್ತಲೇ ಇರುವ ಪ್ರಶ್ನೆ ಇದು: ಬೆಳಗ್ಗೆ ಕೆಲಸಕ್ಕೆ ಹೋಗುವಾಗ ಬಿಸಿಲು ಕಣ್ಣಿಗೇ ಹೊಡೆಯುತ್ತದೆ, ವಾಪಸ್ ಬರುವಷ್ಟರಲ್ಲಿ ಕತ್ತಲಾಗಿರುತ್ತದೆ. ಬಿಸಿಲಲ್ಲಿ ಕಪ್ಪಾಗಿ ನೆರಳಲ್ಲಿ ತಿಳಿಯಾಗುವ ಗ್ಲಾಸಿನ ಹೆಲ್ಮೆಟ್ ಕೊಂಡರೆ ಎರಡಕ್ಕೂ ಆಗುತ್ತದಾ?

ಕೆಲವರಿಗೆ ಆಗುತ್ತದೆ. ಹೆಚ್ಚಿನವರಿಗೆ ಅದಕ್ಕಿಂತ ಕಡಿಮೆ ದುಡ್ಡಿನಲ್ಲಿ ಅದಕ್ಕಿಂತ ಒಳ್ಳೆಯ ದಾರಿ ಇದೆ. ಯಾವುದು ನಿಮಗೆ ಸರಿ ಎನ್ನುವುದು ನೀವು ಯಾವ ಹೊತ್ತಿನಲ್ಲಿ, ಯಾವ ದಿಕ್ಕಿಗೆ ಓಡಿಸುತ್ತೀರಿ ಎಂಬುದರ ಮೇಲೆ ನಿಂತಿದೆ. ಗ್ಲಾಸಿನ ಮಾತು ಬರುವ ಮೊದಲು ಹೆಲ್ಮೆಟ್ ತಲೆಗೆ ಸರಿಯಾಗಿ ಕೂರಬೇಕು. ಸಡಿಲ ಹೆಲ್ಮೆಟ್‌ಗೆ ಎಷ್ಟು ದುಬಾರಿ ಗ್ಲಾಸ್ ಹಾಕಿದರೂ ಬಿದ್ದಾಗ ಅದು ತಲೆಯ ಮೇಲೆ ಇರುವುದಿಲ್ಲ. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ.

ಬೇಕಾಗುವ ಸಾಮಾನು: ದರ್ಜಿಯವರು ಬಳಸುವ ಅಳತೆ ಟೇಪು, ನೀವು ದಿನಾ ಹಾಕುವ ಕನ್ನಡಕ, ಹೆಲ್ಮೆಟ್ ಒಳಗೆ ಕಟ್ಟಿಕೊಳ್ಳುವ ಬಟ್ಟೆ ಇದ್ದರೆ ಅದು, ಬಿಐಎಸ್ ಕೇರ್ ಆ್ಯಪ್ (ಐಎಸ್‌ಐ ಗುರುತು ಕೊಡುವ ಭಾರತೀಯ ಮಾನಕ ಬ್ಯೂರೊದ ಆ್ಯಪ್) ಹಾಕಿದ ಫೋನು, ಸಿಕ್ಕರೆ ಖೋಟಾ ನೋಟು ಪರೀಕ್ಷಿಸುವ ನೇರಳೆ ಬೆಳಕಿನ ಚಿಕ್ಕ ಟಾರ್ಚು. ಟಾರ್ಚು ಯಾಕೆ ಎಂಬುದು ಆರನೇ ಹಂತದಲ್ಲಿದೆ. ಅಂಗಡಿಗೆ ಹೋಗುವುದು ಹಗಲು ಹೊತ್ತಿನಲ್ಲಿ, ಬಿಸಿಲಿರುವಾಗ.

ಹಂತ 1: ನಿಮ್ಮ ದಾರಿಯ ಬೆಳಕನ್ನು ಗಮನಿಸಿ

ಒಂದು ವಾರ ಮೂರು ವಿಷಯ ನೋಡಿಕೊಳ್ಳಿ. ಸೂರ್ಯ ಎದುರಿಗಿರುತ್ತಾನಾ, ಬೆನ್ನಿಗಾ? ದಾರಿಯಲ್ಲಿ ಅಂಡರ್‌ಪಾಸ್, ಫ್ಲೈಓವರ್ ಕೆಳಗಿನ ನೆರಳು, ದಟ್ಟ ಮರಗಳ ಸಾಲು ಎಷ್ಟಿವೆ? ಮನೆ ಮುಟ್ಟುವಾಗ ದೀಪ ಹಾಕಿಕೊಂಡಿರುತ್ತೀರಾ?

ಬೆಂಗಳೂರಿನ ಒಳಗಿನಿಂದ ವೈಟ್‌ಫೀಲ್ಡ್‌ಗೆ ಹೋಗುವವರು ಬೆಳಗ್ಗೆ ಪೂರ್ವಕ್ಕೆ ಮುಖ ಮಾಡಿ ಓಡಿಸುತ್ತಾರೆ, ಸಂಜೆ ಪಶ್ಚಿಮಕ್ಕೆ. ಎರಡೂ ಹೊತ್ತು ಸೂರ್ಯ ಎದುರಿಗೇ. ಕೆಂಗೇರಿ ಕಡೆಯಿಂದ ಮೈಸೂರು ರಸ್ತೆಯಲ್ಲಿ ಊರೊಳಗೆ ಬರುವವರಿಗೂ ಹೆಚ್ಚುಕಡಿಮೆ ಇದೇ ಪಾಡು. ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದ ಕಡೆಗೆ ಹೊರವರ್ತುಲ ರಸ್ತೆ ಹಿಡಿಯುವವರಿಗೆ ಸೂರ್ಯ ಬಹುಪಾಲು ಪಕ್ಕದಲ್ಲಿರುತ್ತಾನೆ, ತೊಂದರೆ ಕಡಿಮೆ. ಕಾಲವನ್ನೂ ಸೇರಿಸಿಕೊಳ್ಳಿ: ಬೆಂಗಳೂರಿನಲ್ಲಿ ನವೆಂಬರ್‌ನಲ್ಲಿ ಆರಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ, ಜುಲೈನಲ್ಲಿ ಆರೂ ಮುಕ್ಕಾಲರ ತನಕ ಇರುತ್ತಾನೆ. ಜುಲೈನಲ್ಲಿ ಕೊಂಡ ಕಪ್ಪು ಗ್ಲಾಸು ಅದೇ ಪಾಳಿಯವರಿಗೆ ನವೆಂಬರ್‌ನಲ್ಲಿ ಅಪಾಯಕ್ಕೆ ಬರುವುದು ಹೀಗೆ.

ಬೆಳಕು ಬದಲಾಗುವುದು ಎರಡು ರೀತಿ. ಮುಸ್ಸಂಜೆ ಕವಿಯುವುದು ನಿಧಾನ, ಅರ್ಧ ಗಂಟೆಯ ಮಾತು. ಅಂಡರ್‌ಪಾಸಿಗೆ ಇಳಿಯುವುದು ಒಂದೇ ಕ್ಷಣದ ಮಾತು. ತಾನೇ ಬಣ್ಣ ಬದಲಿಸುವ ಸಾಮಾನ್ಯ ಗ್ಲಾಸು ಮೊದಲನೆಯದನ್ನು ನಿಭಾಯಿಸುತ್ತದೆ, ಎರಡನೆಯದನ್ನು ನಿಭಾಯಿಸುವುದಿಲ್ಲ. ಇಷ್ಟನ್ನು ನೆನಪಿಟ್ಟುಕೊಂಡರೆ ಮುಂದಿನ ಆಯ್ಕೆ ಸುಲಭ.

ಹಂತ 2: ಹೆಲ್ಮೆಟ್ ಬಗೆ

ದಿನಾ ಓಡಿಸುವವರಿಗೆ ನಮ್ಮ ಶಿಫಾರಸು ಫುಲ್ ಫೇಸ್, ಅಂದರೆ ಗದ್ದವನ್ನೂ ಮುಚ್ಚುವ ಹೆಲ್ಮೆಟ್. ಮುಂದಕ್ಕೆ ಬೀಳುವಾಗ ನೆಲಕ್ಕೆ ತಾಗುವುದು ಬಹಳ ಸಲ ಗದ್ದ ಮತ್ತು ದವಡೆ. ತೆರೆದ ಮುಖದ ಹೆಲ್ಮೆಟ್ ಅದನ್ನು ಕಾಯುವುದಿಲ್ಲ. ಕಿವಿಯ ಮೇಲಕ್ಕೇ ಮುಗಿಯುವ ಟೋಪಿಯಂಥದ್ದು ತಲೆಯನ್ನೂ ಸರಿಯಾಗಿ ಕಾಯುವುದಿಲ್ಲ, ಅದರ ಹತ್ತಿರ ಹೋಗಬೇಡಿ.

ಗದ್ದದ ಭಾಗ ಮೇಲಕ್ಕೆತ್ತಲು ಬರುವ ಹೆಲ್ಮೆಟ್‌ಗಳಿವೆ, ಮಾಡ್ಯುಲರ್ ಅಥವಾ ಫ್ಲಿಪ್ ಅಪ್ ಎನ್ನುತ್ತಾರೆ. ಕನ್ನಡಕ ಹಾಕುವವರಿಗೆ, ಪೆಟ್ರೋಲ್ ಬಂಕ್‌ನಲ್ಲಿ, ಗೇಟಿನ ಸೆಕ್ಯುರಿಟಿ ಮುಂದೆ ದಿನಾ ಮುಖ ತೋರಿಸಬೇಕಾದವರಿಗೆ ಇದು ಅನುಕೂಲ. ಇದು ಸಾಮಾನ್ಯ ಫುಲ್ ಫೇಸ್‌ಗಿಂತ ಸ್ವಲ್ಪ ಭಾರ, ಎತ್ತುವ ಕೊಂಡಿ ಲೋಹದ್ದಾಗಿದ್ದರೆ ಒಳ್ಳೆಯದು. ಗದ್ದ ಎತ್ತಿಕೊಂಡೇ ಓಡಿಸುವ ಅಭ್ಯಾಸ ಮಾತ್ರ ಬೇಡ.

ಹೊರಚಿಪ್ಪು ಎಬಿಎಸ್ ಅಥವಾ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಆಗಿರಬಹುದು, ಫೈಬರ್‌ಗ್ಲಾಸ್ ಆಗಿರಬಹುದು. ಊರೊಳಗಿನ ಓಡಾಟಕ್ಕೆ ಪ್ರಮಾಣೀಕರಿಸಿದ ಪ್ಲಾಸ್ಟಿಕ್ ಚಿಪ್ಪೇ ಸಾಕು. ಪೆಟ್ಟನ್ನು ನುಂಗುವುದು ಅದರೊಳಗಿನ ಇಪಿಎಸ್ ಪದರ, ಅಂದರೆ ಒತ್ತಿ ಗಟ್ಟಿ ಮಾಡಿದ ಥರ್ಮಾಕೋಲ್. ಪೆಟ್ಟು ಬಿದ್ದಾಗ ಅದು ನಜ್ಜುಗುಜ್ಜಾಗಿ ತಲೆಗೆ ತಾಗುವ ಬಲವನ್ನು ತಗ್ಗಿಸುತ್ತದೆ. ಒಮ್ಮೆ ನಜ್ಜಾದದ್ದು ಮತ್ತೆ ಉಬ್ಬುವುದಿಲ್ಲ. ಅಂಗಡಿಯಲ್ಲಿ ಒಳಬಟ್ಟೆಯ ಅಂಚು ಸರಿಸಿ ಈ ಪದರ ಇದೆಯೇ, ಗದ್ದದ ಭಾಗದಲ್ಲೂ ಇದೆಯೇ ಎಂದು ಬೆರಳಿಟ್ಟು ನೋಡಿ. ಅಗ್ಗದ ನಕಲಿಗಳಲ್ಲಿ ಗದ್ದದ ಜಾಗದಲ್ಲಿ ಬರೀ ಸ್ಪಂಜು ಇರುತ್ತದೆ.

ಹಂತ 3: ಐಎಸ್‌ಐ ಗುರುತು ನಿಜವೇ?

ಭಾರತದಲ್ಲಿ 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ದ್ವಿಚಕ್ರ ಹೆಲ್ಮೆಟ್ ತಯಾರಿಸುವಂತಿಲ್ಲ, ಮಾರುವಂತಿಲ್ಲ. ಡಾಟ್, ಇಸಿಇ ಎಂಬ ವಿದೇಶಿ ಪ್ರಮಾಣದ ಗುರುತಿದ್ದರೂ ಇಲ್ಲಿ ಐಎಸ್‌ಐ ಬೇಕೇ ಬೇಕು. ಇಸಿಇ 22.06 ಎಂಬ ಐರೋಪ್ಯ ಪ್ರಮಾಣ ಐಎಸ್‌ಐ ಜೊತೆಗೆ ಇದ್ದರೆ ಅದು ಒಳ್ಳೆಯ ಲಕ್ಷಣ. ಹೆಚ್ಚು ಜಾಗಗಳಲ್ಲಿ ಪೆಟ್ಟು ಕೊಟ್ಟು, ತಲೆ ತಿರುಚುವ ಪೆಟ್ಟನ್ನೂ ಸೇರಿಸಿ ಪರೀಕ್ಷಿಸಿರುತ್ತಾರೆ. ಹಿಂಭಾಗಕ್ಕೆ ಅಂಟಿಸಿದ ಡಾಟ್ ಸ್ಟಿಕ್ಕರ್ ಒಂದೇ ಇದ್ದರೆ ಅದಕ್ಕೆ ಬೆಲೆ ಕೊಡಬೇಡಿ, ಆ ಸ್ಟಿಕ್ಕರ್ ಬಿಡಿಯಾಗಿಯೇ ಸಿಗುತ್ತದೆ.

ನಿಜವಾದ ಗುರುತಿನಲ್ಲಿ ಮೂರು ಭಾಗ: ಮೇಲೆ ಐಎಸ್ 4151 ಎಂಬ ಮಾನಕ ಸಂಖ್ಯೆ, ನಡುವೆ ಐಎಸ್‌ಐ ಚಿಹ್ನೆ, ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ. ಬಿಐಎಸ್ ಕೇರ್ ಆ್ಯಪ್ ತೆರೆದು ಆ ಪರವಾನಗಿ ಸಂಖ್ಯೆ ಹಾಕಿ. ಕಂಪನಿಯ ಹೆಸರು, ವಸ್ತು, ಪರವಾನಗಿ ಜಾರಿಯಲ್ಲಿದೆಯೇ ಎಂಬುದು ಬರುತ್ತದೆ. ಹೆಸರು ಹೊಂದದಿದ್ದರೆ, ಅಥವಾ ಅದು ಬೇರೆ ಯಾವುದೋ ವಸ್ತುವಿನ ಪರವಾನಗಿ ಎಂದು ತೋರಿಸಿದರೆ ಅಂಗಡಿಯಿಂದ ಹೊರಡಿ. ಪಾದಚಾರಿ ಮಾರ್ಗದಲ್ಲಿ ಗುಡ್ಡೆ ಹಾಕಿ ಮಾರುವ ಹೆಲ್ಮೆಟ್‌ಗಳಲ್ಲಿ ಚಿಹ್ನೆ ಇರುತ್ತದೆ, ಸಂಖ್ಯೆ ಇರುವುದಿಲ್ಲ, ಇದ್ದರೂ ಹೊಂದುವುದಿಲ್ಲ.

ತಯಾರಾದ ತಿಂಗಳು ಮತ್ತು ವರ್ಷವನ್ನೂ ಲೇಬಲ್‌ನಲ್ಲಿ ನೋಡಿ. ಎರಡು ವರ್ಷ ಗೋದಾಮಿನಲ್ಲಿ ಕೂತ ಮಾಲಿಗೆ ರಿಯಾಯಿತಿ ಕೊಟ್ಟರೂ ಬೇಡ ಎನ್ನಿ.

ಹಂತ 4: ಅಳತೆ ಮತ್ತು ಕೂರುವಿಕೆ

ಅವಸರ ಮಾಡಬಾರದ ಹಂತ ಇದು. ಹುಬ್ಬಿನಿಂದ ಎರಡು ಬೆರಳು ಮೇಲೆ ಟೇಪು ಹಿಡಿದು, ಕಿವಿಗಳ ಮೇಲಿಂದ, ತಲೆಯ ಹಿಂದಿನ ಉಬ್ಬನ್ನು ಸುತ್ತಿ ತನ್ನಿ. ಮೂರು ಸಲ ಅಳೆದು ದೊಡ್ಡ ಸಂಖ್ಯೆ ಇಟ್ಟುಕೊಳ್ಳಿ. ಅದು 58 ಸೆಂಟಿಮೀಟರ್ ಆದರೆ ನಿಮಗೆ ಬೇಕಾದದ್ದು 580 ಮಿಲಿಮೀಟರ್ ಎಂದು ಬರೆದ ಹೆಲ್ಮೆಟ್. ಎಂ, ಎಲ್, ಎಕ್ಸ್‌ಎಲ್ ಅಕ್ಷರಗಳನ್ನು ನಂಬಬೇಡಿ: ಒಂದು ಕಂಪನಿಯ ಎಂ ಇನ್ನೊಂದು ಕಂಪನಿಯ ಎಲ್ ಆಗಿರುತ್ತದೆ. ಆನ್‌ಲೈನ್‌ನಲ್ಲಿ ತರಿಸಿ ಹಿಂದಿರುಗಿಸುವವರು ಎಡವುವುದು ಬಹುಪಾಲು ಇಲ್ಲೇ.

ಅಂಗಡಿಯಲ್ಲಿ ಹಾಕುವಾಗ ಎರಡೂ ಪಟ್ಟಿಗಳನ್ನು ಹೊರಕ್ಕೆಳೆದು ಹಿಡಿದು ತಲೆ ತೂರಿಸಿ. ಒಳಗೆ ಹೋಗುವಾಗ ಕಿವಿ ಸ್ವಲ್ಪ ಮಡಚಿದರೆ ಪರವಾಗಿಲ್ಲ. ಹಾಕಿದ ಮೇಲೆ ಇಷ್ಟು ನೋಡಿ:

ಕೆನ್ನೆ ಒತ್ತಿರಬೇಕು. ಏನನ್ನಾದರೂ ಅಗಿಯುವಂತೆ ದವಡೆ ಆಡಿಸಿದರೆ ಕೆನ್ನೆಯ ಒಳಭಾಗ ಹಲ್ಲಿಗೆ ತಾಗುವಷ್ಟು. ಹೊಸದರಲ್ಲಿ ಇದು ಬಿಗಿ ಅನ್ನಿಸುತ್ತದೆ. ಸ್ಪಂಜು ಕೆಲವು ವಾರಗಳಲ್ಲಿ ಕೂತು ಸಡಿಲವಾಗುತ್ತದೆ. ಅಂಗಡಿಯಲ್ಲೇ ಹಾಯಾಗಿದ್ದದ್ದು ಎರಡು ತಿಂಗಳಲ್ಲಿ ತಲೆಯ ಮೇಲೆ ತಿರುಗತೊಡಗುತ್ತದೆ.

ಹಣೆ ಮತ್ತು ಹೆಲ್ಮೆಟ್ ನಡುವೆ ಬೆರಳು ತೂರಬಾರದು.

ಹೆಲ್ಮೆಟ್ ಹಿಡಿದು ಎಡಕ್ಕೆ ಬಲಕ್ಕೆ ಆಡಿಸಿ. ಹುಬ್ಬಿನ ಚರ್ಮ, ಕೆನ್ನೆ ಅದರ ಜೊತೆಗೇ ಚಲಿಸಬೇಕು. ಚರ್ಮ ನಿಂತಲ್ಲೇ ನಿಂತು ಹೆಲ್ಮೆಟ್ ಮಾತ್ರ ಜಾರಿದರೆ ಅದು ದೊಡ್ಡದು.

ಪಟ್ಟಿ ಬಿಗಿದು, ಹಿಂದಿನ ಅಂಚನ್ನು ಎರಡೂ ಕೈಯಿಂದ ಹಿಡಿದು ಮುಂದಕ್ಕೆ ಮೇಲೆತ್ತಿ ಕಳಚಲು ನೋಡಿ. ಇದು ಎಲ್ಲಕ್ಕಿಂತ ಮುಖ್ಯ ಪರೀಕ್ಷೆ. ಕಳಚಿಕೊಂಡು ಬಂದರೆ ಅಪಘಾತದಲ್ಲೂ ಹಾಗೇ ಬರುತ್ತದೆ.

ಹದಿನೈದು ನಿಮಿಷ ಹಾಕಿಕೊಂಡೇ ಇರಿ. ಅಂಗಡಿಯವರು ಗೊಣಗಿದರೆ ಗೊಣಗಲಿ. ತೆಗೆದ ಮೇಲೆ ಹಣೆಯಲ್ಲಿ ಒಂದೇ ಕಡೆ ಕೆಂಪು ಗುರುತು, ಅಲ್ಲೇ ನೋವು ಇದ್ದರೆ ಹೆಲ್ಮೆಟ್‌ನ ಒಳ ಆಕಾರ ನಿಮ್ಮ ತಲೆಗೆ ಹೊಂದುತ್ತಿಲ್ಲ. ಹಣೆಗೆ ಒತ್ತಿ ಪಕ್ಕಗಳಲ್ಲಿ ಸಡಿಲವಿದ್ದರೆ ನಿಮ್ಮದು ಉದ್ದ ತಲೆ, ಹೆಲ್ಮೆಟ್ ದುಂಡನೆಯದು. ಕಣತಲೆಗೆ ಒತ್ತಿ ಹಿಂದೆಮುಂದೆ ಸಡಿಲವಿದ್ದರೆ ಅದರ ತಿರುಗುಮುರುಗು. ಪರಿಹಾರ ಬೇರೆ ಮಾದರಿ. ಒಂದು ಅಳತೆ ದೊಡ್ಡದು ತೆಗೆದುಕೊಳ್ಳಿ ಎಂಬ ಸಲಹೆಗೆ ಒಪ್ಪಬೇಡಿ. ಕೆನ್ನೆ ಮಾತ್ರ ತೀರಾ ಬಿಗಿಯಾಗಿ ಉಳಿದದ್ದು ಸರಿಯಿದ್ದರೆ, ತೆಳು ಕೆನ್ನೆ ಪ್ಯಾಡ್ ಸಿಗುತ್ತದೆಯೇ ಕೇಳಿ.

ಕನ್ನಡಕದವರು ಹೆಲ್ಮೆಟ್ ಹಾಕಿದ ಮೇಲೆ ಕನ್ನಡಕ ತೂರಿಸಿ ನೋಡಿ. ಕಡ್ಡಿ ನೇರವಾಗಿರುವ ಚೌಕಟ್ಟು ಸಲೀಸಾಗಿ ಹೋಗುತ್ತದೆ, ಕಿವಿಯ ಹಿಂದೆ ಬಾಗಿದ್ದು ಸಿಕ್ಕಿಕೊಳ್ಳುತ್ತದೆ. ಉದ್ದ ಕೂದಲಿನವರು ಜಡೆಯನ್ನು ಕತ್ತಿನ ಬುಡಕ್ಕೆ ಕೆಳಗಿಳಿಸಿ ಕಟ್ಟಿ. ತುರುಬು, ದೊಡ್ಡ ಕ್ಲಿಪ್ಪು ಒಳಗಿದ್ದರೆ ಹೆಲ್ಮೆಟ್ ಮುಂದಕ್ಕೆ ವಾಲುತ್ತದೆ, ಬಿದ್ದಾಗ ಕ್ಲಿಪ್ಪು ತಲೆಗೆ ಚುಚ್ಚುತ್ತದೆ. ಒಳಗೆ ಬಟ್ಟೆ ಕಟ್ಟುವವರು ಅದನ್ನು ಕಟ್ಟಿಕೊಂಡೇ ಅಳತೆ ಕೊಡಿ.

ಹಿಂದೆ ಕೂರುವವರಿಗೂ ಇದೇ ಹಂತ, ಅವರ ತಲೆಯ ಅಳತೆಯಲ್ಲೇ. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೆ ಹೆಲ್ಮೆಟ್ ಕಡ್ಡಾಯವಾದದ್ದು 2016ರ ಜನವರಿಯಲ್ಲಿ. ಇವತ್ತಿಗೂ ಎಷ್ಟೋ ಮಂದಿ ಅದಕ್ಕೆಂದು ಮನೆಯ ಹಳೆಯ, ಸಡಿಲ ಹೆಲ್ಮೆಟ್ಟನ್ನೇ ಕೊಡುತ್ತಾರೆ. ನಾಲ್ಕು ವರ್ಷ ದಾಟಿದ ಮಕ್ಕಳಿಗೂ ಹೆಲ್ಮೆಟ್ ಕಡ್ಡಾಯ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಕ್ಕಳಿಗೆ ತಲೆಗೆ ಸರಿಯಾದ ಹೆಲ್ಮೆಟ್ ಬೇಕು. ನಾಲ್ಕರೊಳಗಿನ ಮಗು ಕೂತಿರುವಾಗ ಓಡಿಸುವವರಿಗೆ ಕಟ್ಟುವ ಬೆಲ್ಟ್ ಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ದಾಟಬಾರದು. ದೊಡ್ಡವರ ಹೆಲ್ಮೆಟ್ ಮಗುವಿನ ಕತ್ತಿಗೆ ಭಾರ, ತಲೆಗೆ ಸಡಿಲ. ಎರಡೂ ಕೆಟ್ಟದ್ದೇ.

ಹಂತ 5: ಪಟ್ಟಿ, ಕೊಂಡಿ, ಗ್ಲಾಸಿನ ಕೀಲು

ಎರಡು ಲೋಹದ ಬಳೆಗಳ ನಡುವೆ ಪಟ್ಟಿ ಹಾಯಿಸಿ ಬಿಗಿಯುವುದು ಡಬಲ್ ಡಿ ರಿಂಗ್: ಅತಿ ಭದ್ರ, ಪ್ರತಿ ಸಲವೂ ಎಳೆದು ಸರಿಯಾದ ಬಿಗಿಗೆ ತರಬಹುದು, ಹಾಕಲು ಹತ್ತು ಸೆಕೆಂಡು ಬೇಕು. ಹಲ್ಲುಹಲ್ಲಾದ ಪಟ್ಟಿ ಟಕಟಕ ಎಂದು ಒಳಹೋಗುವುದು ಮೈಕ್ರೋಮೆಟ್ರಿಕ್: ದಿನಕ್ಕೆ ಹತ್ತು ಸಲ ಹಾಕಿ ತೆಗೆಯುವವರಿಗೆ ಇದೇ ಸರಿ, ಎರಡು ಮೂರು ತಿಂಗಳಿಗೊಮ್ಮೆ ಪಟ್ಟಿಯ ಉದ್ದ ಮತ್ತೆ ಹೊಂದಿಸಬೇಕು. ಗದ್ದದ ಕೆಳಗೆ ಒಂದೆರಡು ಬೆರಳು ಹಿಡಿಯುವಷ್ಟು ಜಾಗ ಸಾಕು. ಪಟ್ಟಿ ಬಿಗಿಯದೆ ಹೆಲ್ಮೆಟ್ ಹಾಕಿದರೆ ಕಾನೂನಿನ ಲೆಕ್ಕದಲ್ಲೂ ಅದು ಹಾಕಿದಂತಲ್ಲ. ಮೋಟಾರು ವಾಹನ ಕಾಯ್ದೆಯ 129ನೇ ಕಲಮು ಪಟ್ಟಿಯಿಂದ ತಲೆಗೆ ಭದ್ರವಾಗಿ ಕಟ್ಟಿರಬೇಕು ಎನ್ನುತ್ತದೆ.

ಗ್ಲಾಸನ್ನು ಎತ್ತಿ ಇಳಿಸಿ ನೋಡಿ. ಎತ್ತಿದಲ್ಲೇ ನಿಲ್ಲಬೇಕು, ಗಾಳಿಗೆ ಬಿದ್ದುಹೋಗಬಾರದು. ಒಂದೇ ಒಂದು ಕೂದಲೆಳೆಯಷ್ಟು ತೆರೆದು ನಿಲ್ಲುವ ಮೊದಲ ಮೆಟ್ಟಿಲು ಇದ್ದರೆ ಮಳೆಗಾಲದಲ್ಲಿ ಬಹಳ ಉಪಯೋಗ. ಸ್ಕ್ರೂ ಇಲ್ಲದೆ ಗ್ಲಾಸ್ ತೆಗೆದು ಹಾಕಲು ಬರುತ್ತದೆಯೇ, ಬಿಡಿ ಗ್ಲಾಸ್ ಇದೇ ಅಂಗಡಿಯಲ್ಲಿ ಸಿಗುತ್ತದೆಯೇ ಎಂದು ಕೊಳ್ಳುವ ಮೊದಲೇ ಕೇಳಿ. ಬಿಡಿ ಗ್ಲಾಸ್ ಸಿಗದ ಹೆಲ್ಮೆಟ್ ಎಷ್ಟೇ ಚೆನ್ನಾಗಿದ್ದರೂ ಬಿಡಿ.

ಹಂತ 6: ಗ್ಲಾಸಿನ ಆಯ್ಕೆ

ಗ್ಲಾಸು, ಡಬ್ಬದ ಮೇಲಿನ ಹೆಸರಿನಲ್ಲಿ ವೈಸರ್, ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿನದು. ಅದರ ಗುಣ ಹೇಳುವ ಒಂದು ಸಂಖ್ಯೆಯನ್ನು ತಿಳಿದಿರಿ: ಬೆಳಕು ದಾಟುವ ಪ್ರಮಾಣ, ಕಂಪನಿಗಳ ಭಾಷೆಯಲ್ಲಿ ವಿಎಲ್‌ಟಿ. ನೂರು ಪಾಲು ಬೆಳಕಿನಲ್ಲಿ ಎಷ್ಟು ಪಾಲು ಕಣ್ಣು ಮುಟ್ಟುತ್ತದೆ ಎಂಬ ಲೆಕ್ಕ. ತಿಳಿ ಗ್ಲಾಸಿನಲ್ಲಿ 80ಕ್ಕಿಂತ ಹೆಚ್ಚು. ಐರೋಪ್ಯ ನಿಯಮದ ಪ್ರಕಾರ 80ಕ್ಕಿಂತ ಕಡಿಮೆ ಇರುವ ಗ್ಲಾಸಿನ ಮೇಲೆ ಹಗಲಿಗೆ ಮಾತ್ರ ಎಂಬ ಗುರುತು ಇರಬೇಕು. ಒಂದರ ಮೇಲೊಂದು ಹಾಕಿದರೆ ಗುಣಿಸಬೇಕು: 80 ಪಾಲಿನ ಗ್ಲಾಸಿನ ಹಿಂದೆ 80 ಪಾಲಿನ ಬಣ್ಣದ ಕನ್ನಡಕ ಹಾಕಿದರೆ ಉಳಿಯುವುದು 64 ಪಾಲು. ರಾತ್ರಿ ಓಡಿಸಲು ಅದು ಸಾಲದು.

ಈಗ ಫೋಟೋಕ್ರೋಮಿಕ್ ಗ್ಲಾಸ್, ಎಲ್ಲರೂ ಕೇಳುವುದು ಇದನ್ನೇ. ಪ್ಲಾಸ್ಟಿಕ್ಕಿನಲ್ಲಿ ಸೇರಿಸಿದ ಬಣ್ಣದ ಅಣುಗಳು ಸೂರ್ಯನ ಅತಿನೇರಳೆ ಕಿರಣ ತಾಗಿದಾಗ ಆಕಾರ ಬದಲಿಸಿ ಬೆಳಕನ್ನು ಹೀರುತ್ತವೆ. ಕಿರಣ ನಿಂತಾಗ ಮೊದಲಿನಂತಾಗುತ್ತವೆ. ಬ್ಯಾಟರಿ ಇಲ್ಲ, ಗುಂಡಿ ಇಲ್ಲ. ಕಪ್ಪಾಗಲು ಸುಮಾರು ಅರ್ಧ ನಿಮಿಷ. ಪೂರ್ತಿ ತಿಳಿಯಾಗಲು ಕೆಲವು ನಿಮಿಷ. ಇದರಿಂದ ಐದು ಪರಿಣಾಮಗಳಿವೆ, ಮಾರುವವರು ಹೇಳುವುದಿಲ್ಲ.

ಮೊದಲನೆಯದು ಅಂಡರ್‌ಪಾಸ್. ಗಂಟೆಗೆ 40 ಕಿಲೋಮೀಟರ್ ಅಂದರೆ ಸೆಕೆಂಡಿಗೆ 11 ಮೀಟರ್. 200 ಮೀಟರ್ ಉದ್ದದ ಅಂಡರ್‌ಪಾಸ್ 18 ಸೆಕೆಂಡಿನಲ್ಲಿ ಮುಗಿಯುತ್ತದೆ. ಅಷ್ಟು ಹೊತ್ತೂ ನೀವು ಕಪ್ಪು ಗ್ಲಾಸಿನಲ್ಲೇ ಇರುತ್ತೀರಿ. ಒಳಗಿನ ಗುಂಡಿ, ನಿಂತ ನೀರು, ದೀಪವಿಲ್ಲದ ಸೈಕಲ್ ಕಾಣುವುದಿಲ್ಲ. ಮೇಖ್ರಿ ವೃತ್ತ, ಕಾವೇರಿ ಜಂಕ್ಷನ್‌ನಂಥ ದಾರಿಯವರು ಇಳಿಯುವ ಮೊದಲೇ ಗ್ಲಾಸ್ ಎತ್ತುವ ಅಭ್ಯಾಸ ಮಾಡಿಕೊಳ್ಳಬೇಕು.

ಎರಡನೆಯದು ಇನ್ನೂ ಮುಖ್ಯ. ಸೂರ್ಯ ದಿಗಂತದ ಹತ್ತಿರ ಇರುವಾಗ ಬೆಳಕು ಕಣ್ಣು ಕುಕ್ಕುತ್ತದೆ, ಆದರೆ ದಪ್ಪ ವಾತಾವರಣ ದಾಟಿ ಬರುವುದರಿಂದ ಅದರಲ್ಲಿ ಅತಿನೇರಳೆ ಕಿರಣ ಬಹಳ ಕಡಿಮೆ. ಹೀಗಾಗಿ ಬೆಳಗಿನ ಏಳಕ್ಕೆ, ಸಂಜೆ ಐದೂವರೆಗೆ, ನಿಮಗೆ ಕಪ್ಪು ಬೇಕಾದ ಹೊತ್ತಿನಲ್ಲೇ ಗ್ಲಾಸು ಅರೆಬರೆ ಬಣ್ಣಕ್ಕೆ ನಿಲ್ಲುತ್ತದೆ. ಪೂರ್ತಿ ಕಪ್ಪಾಗುವುದು ನೆತ್ತಿಯ ಬಿಸಿಲಲ್ಲಿ. ಎದುರು ಸೂರ್ಯನ ಕಾಟಕ್ಕೆಂದು ಇದನ್ನು ಕೊಳ್ಳುವವರಿಗೆ ನಿರಾಸೆಯಾಗುವುದು ಇದಕ್ಕೇ.

ಮೂರನೆಯದು ಶಾಖ. ಬಿಸಿ ಹೆಚ್ಚಾದಷ್ಟೂ ಅಣುಗಳು ಬೇಗ ತಿಳಿ ಸ್ಥಿತಿಗೆ ಮರಳುತ್ತವೆ. ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಲ್ಲಿ ಇದು ಡಿಸೆಂಬರ್‌ನ ಮಡಿಕೇರಿಯಲ್ಲಾದಷ್ಟು ಕಪ್ಪಾಗುವುದಿಲ್ಲ. ಚಳಿಯಲ್ಲಿ ಹೆಚ್ಚು ಕಪ್ಪಾಗಿ, ತಿಳಿಯಾಗಲು ಹೆಚ್ಚು ಹೊತ್ತು ಹಿಡಿಯುತ್ತದೆ. ಮಲೆನಾಡಿನವರಿಗೆ ಘಟ್ಟದ ಮರಗಳ ನೆರಳಿಗೆ ಹೊಕ್ಕಾಗ ಇದು ತೊಡಕು. ನಾಲ್ಕನೆಯದು, ಮೋಡದಲ್ಲೂ ಅತಿನೇರಳೆ ಕಿರಣ ದಾಟಿ ಬರುವುದರಿಂದ ಮಂಕು ದಿನದಲ್ಲೂ ಗ್ಲಾಸು ಒಂದಿಷ್ಟು ಕಪ್ಪಾಗುತ್ತದೆ. ಐದನೆಯದು ಬಾಳಿಕೆ: ಎರಡು ಮೂರು ವರ್ಷದಲ್ಲಿ ಅಣುಗಳು ದಣಿಯುತ್ತವೆ, ಕಪ್ಪಾಗುವುದೂ ಕಡಿಮೆ, ಪೂರ್ತಿ ತಿಳಿಯಾಗುವುದೂ ಕಡಿಮೆ.

ಹಾಗಿದ್ದರೆ ಇದು ಯಾರಿಗೆ? ಬೆಳಗ್ಗೆ ಒಂಬತ್ತರ ನಂತರ ಹೊರಟು ದಿನವಿಡೀ ಬಿಸಿಲಲ್ಲಿ ತಿರುಗಿ, ಮುಸ್ಸಂಜೆ ದಾಟಿ ಮನೆ ಸೇರುವವರಿಗೆ: ಮಾರಾಟ ಪ್ರತಿನಿಧಿಗಳು, ಕೊರಿಯರ್ ಮತ್ತು ಡೆಲಿವರಿಯವರು, ಊರೂರು ತಿರುಗುವ ಬ್ಯಾಂಕಿನವರು. ದಾರಿ ಬಯಲಾಗಿರಬೇಕು, ಅಂಡರ್‌ಪಾಸ್ ಕಡಿಮೆ ಇರಬೇಕು. ಅಂಥವರಿಗೆ ಇದು ನಿಜಕ್ಕೂ ಒಳ್ಳೆಯ ಗ್ಲಾಸು.

ಕೊಳ್ಳುವ ಮೊದಲು ಪರೀಕ್ಷಿಸಿ. ನೀಲಿ, ಚಿನ್ನದ ಕನ್ನಡಿ ಹೊಳಪಿನ ಗ್ಲಾಸುಗಳನ್ನೇ ಕಲರ್ ಚೇಂಜ್ ಎಂದು ಮಾರುವವರಿದ್ದಾರೆ. ಅವು ಯಾವಾಗಲೂ ಒಂದೇ ಕಪ್ಪು. ನೋಟು ನೋಡುವ ನೇರಳೆ ಟಾರ್ಚನ್ನು ಗ್ಲಾಸಿನ ಹೊರಮೈಗೆ ಹತ್ತು ಹದಿನೈದು ಸೆಕೆಂಡು ಹಿಡಿಯಿರಿ: ನಿಜವಾದ ಫೋಟೋಕ್ರೋಮಿಕ್‌ನಲ್ಲಿ ಬೆಳಕು ಬಿದ್ದಲ್ಲಿ ಕಪ್ಪು ಚುಕ್ಕೆ ಮೂಡಿ, ಆಮೇಲೆ ಮೆಲ್ಲಗೆ ಅಳಿಯುತ್ತದೆ. ಟಾರ್ಚನ್ನು ಕಣ್ಣಿಗೆ ಹಿಡಿಯಬೇಡಿ. ಟಾರ್ಚಿಲ್ಲದಿದ್ದರೆ ಗ್ಲಾಸಿನ ಅರ್ಧಕ್ಕೆ ರಟ್ಟು ಮುಚ್ಚಿ ಒಂದು ನಿಮಿಷ ಬಿಸಿಲಲ್ಲಿಟ್ಟು ತೆಗೆಯಿರಿ, ಎರಡು ಅರ್ಧಕ್ಕೂ ವ್ಯತ್ಯಾಸ ಕಾಣಬೇಕು. ನಂತರ ಅಂಗಡಿಯ ಒಳಗೆ ತಂದು ಎಷ್ಟು ಹೊತ್ತಿಗೆ ತಿಳಿಯಾಗುತ್ತದೆ ಎಂದು ಫೋನಿನ ಗಡಿಯಾರದಲ್ಲಿ ನೋಡಿ. ಪೂರ್ತಿ ತಿಳಿಯಾದಾಗಿನ ವಿಎಲ್‌ಟಿ ಸಂಖ್ಯೆ ಡಬ್ಬದ ಮೇಲಿಲ್ಲದಿದ್ದರೆ ರಾತ್ರಿಗೆ ನಂಬಬೇಡಿ.

ಇದಕ್ಕೆ ಹೊಂದಿದ ಇನ್ನೊಂದು ಮಾತು: ಬಿಸಿಲಿಗೆ ಕಪ್ಪಾಗುವ ಕನ್ನಡಕ ಇದೆ, ಅದೇ ಸಾಕಲ್ಲ ಎಂದು ಹಲವರು ಕೇಳುತ್ತಾರೆ. ಗ್ಲಾಸ್ ಇಳಿಸಿದಾಗ ಸಾಲುವುದಿಲ್ಲ. ಪಾಲಿಕಾರ್ಬೊನೇಟ್ ಅತಿನೇರಳೆ ಕಿರಣವನ್ನು ತಾನೇ ತಡೆಯುವುದರಿಂದ ಅದರ ಹಿಂದಿರುವ ಕನ್ನಡಕ ಕಪ್ಪಾಗುವುದೇ ಇಲ್ಲ. ಗ್ಲಾಸಿನ ಒಳಗೆ ಅಂಟಿಸುವ ಬಣ್ಣ ಬದಲಿಸುವ ಹಾಳೆಗಳನ್ನೂ ಇದೇ ಕಾರಣಕ್ಕೆ ಹೆಲ್ಮೆಟ್‌ಗೆ ಕೂರಿಸಿ ಬಿಸಿಲಲ್ಲಿ ನೋಡಿಯೇ ಕೊಳ್ಳಿ.

ವಿದ್ಯುತ್ತಿನಿಂದ ಕಪ್ಪಾಗುವ ಗ್ಲಾಸುಗಳೂ ಇವೆ. ಒಳಗಿನ ದ್ರವ ಸ್ಫಟಿಕದ ಪದರಕ್ಕೆ ವಿದ್ಯುತ್ ಹರಿದಾಗ ಒಂದು ಸೆಕೆಂಡಿನೊಳಗೆ ಬಣ್ಣ ಬದಲಾಗುತ್ತದೆ, ಅಂಡರ್‌ಪಾಸಿಗೆ ಇದೇ ಸರಿಯಾದ ಉತ್ತರ. ಆದರೆ ಬೆಲೆ ಹೆಚ್ಚು, ಬ್ಯಾಟರಿ ತುಂಬಿಸಬೇಕು, ಆಯಾ ಹೆಲ್ಮೆಟ್‌ಗೆ ಮಾತ್ರ ಹೊಂದುತ್ತದೆ, ಗೀರು ಬಿದ್ದರೆ ಬದಲಿಸುವುದು ದುಬಾರಿ. ಕೊಳ್ಳುವುದಾದರೆ ಒಂದೇ ಪ್ರಶ್ನೆ ಕೇಳಿ: ಬ್ಯಾಟರಿ ಮುಗಿದರೆ ತಿಳಿಯಾಗಿ ಉಳಿಯುತ್ತದೋ ಕಪ್ಪಾಗಿಯೋ? ಕಪ್ಪಾಗಿ ಉಳಿಯುವುದು ಬೇಡ.

ನಮ್ಮ ಮೊದಲ ಶಿಫಾರಸು ಇವೆರಡೂ ಅಲ್ಲ. ತಿಳಿ ಹೊರಗ್ಲಾಸು, ಅದರೊಳಗೆ ಬೆರಳಿನಿಂದ ಸರಿಸಿ ಇಳಿಸುವ ಚಿಕ್ಕ ಕಪ್ಪು ಗ್ಲಾಸು ಇರುವ ಹೆಲ್ಮೆಟ್. ಡಬಲ್ ವೈಸರ್, ಸನ್ ವೈಸರ್ ಎಂದು ಸಿಗುತ್ತದೆ. ಭಾರತದ ಕಂಪನಿಗಳಲ್ಲಿ ಸಾವಿರ ರೂಪಾಯಿಗೆ ಸ್ವಲ್ಪ ಮೇಲಿನಿಂದ ಮೂರು ಸಾವಿರದೊಳಗೆ ಬೇಕಾದಷ್ಟು ಮಾದರಿಗಳಿವೆ. ಎದುರು ಸೂರ್ಯನಿಗೆ ಕೂಡಲೇ ಕಪ್ಪು, ಅಂಡರ್‌ಪಾಸಿಗೆ ಕೂಡಲೇ ತಿಳಿ, ಅತಿನೇರಳೆ ಕಿರಣದ ಹಂಗಿಲ್ಲ. ನೋಡಬೇಕಾದದ್ದು: ಇಳಿಸಿದಾಗ ಮೂಗಿಗಾಗಲಿ ಕನ್ನಡಕಕ್ಕಾಗಲಿ ತಾಗಬಾರದು, ಕೆಳಗೆ ಬಿಸಿಲು ನುಗ್ಗುವಷ್ಟು ಗಿಡ್ಡವಾಗಿರಬಾರದು, ಸರಿಸುವ ಕೀಲಿ ಗ್ಲೌಸ್ ಹಾಕಿದ ಬೆರಳಿಗೂ ಸಿಗಬೇಕು. ಅದು ಕ್ಲಚ್ ಹಿಡಿಯುವ ಎಡಗೈ ಕಡೆ ಇದ್ದರೆ ಅನುಕೂಲ, ಬಲಗೈ ಆಕ್ಸಿಲರೇಟರ್ ಬಿಡಬೇಕಾಗಿಲ್ಲ.

ಪೂರ್ತಿ ಕಪ್ಪು ಗ್ಲಾಸು ಒಂದನ್ನೇ ಹಾಕಿ ಹಗಲು ರಾತ್ರಿ ಓಡಿಸುವುದು ಮಾತ್ರ ಬೇಡವೇ ಬೇಡ. ರಾತ್ರಿ ಅದನ್ನು ಎತ್ತಿಕೊಂಡು ಓಡಿಸಿದರೆ ಕಣ್ಣಿಗೆ ದೂಳು, ಹುಳ. ಇಳಿಸಿದರೆ ರಸ್ತೆ ಕಾಣದು. ಪೋಲರೈಸ್ಡ್ ತಂಪು ಕನ್ನಡಕ ಹಾಕುವವರು ತಮ್ಮ ಗಾಡಿಯ ಡಿಜಿಟಲ್ ಮೀಟರ್ ಅದರೊಳಗಿಂದ ಕಾಣುತ್ತದೆಯೇ ನೋಡಿಕೊಳ್ಳಿ, ಕೆಲವು ಕೋನದಲ್ಲಿ ಪರದೆ ಪೂರ್ತಿ ಕಪ್ಪಾಗಿ ಕಾಣುತ್ತದೆ.

ಇದೆಲ್ಲಕ್ಕೂ ಮುಂಚೆ ಒಂದು ಕೆಲಸ ಮಾಡಿ: ಈಗಿರುವ ಗ್ಲಾಸನ್ನು ಸೂರ್ಯನ ಕಡೆ ಹಿಡಿದು ನೋಡಿ. ಜೇಡರ ಬಲೆಯಂತೆ ಸಣ್ಣ ಗೀರುಗಳು ಕಂಡರೆ ನಿಮ್ಮ ಕಣ್ಣು ಕುಕ್ಕುತ್ತಿರುವುದರಲ್ಲಿ ದೊಡ್ಡ ಪಾಲು ಅವುಗಳದ್ದೇ. ಪ್ರತಿ ಗೀರೂ ಬೆಳಕನ್ನು ಚೆದುರಿಸುತ್ತದೆ, ರಾತ್ರಿ ಎದುರು ಗಾಡಿಯ ದೀಪವನ್ನೂ ಹಾಗೆಯೇ. ಕೆಲವು ನೂರು ರೂಪಾಯಿಯ ಹೊಸ ತಿಳಿ ಗ್ಲಾಸು ಹಾಕಿ ಒಂದು ವಾರ ಓಡಿಸಿ, ಆಮೇಲೆ ಬಣ್ಣದ ಗ್ಲಾಸ್ ಬೇಕೇ ಎಂದು ತೀರ್ಮಾನಿಸಿ. ಎದುರು ಸೂರ್ಯ ಮಾತ್ರ ತೊಂದರೆಯಾದರೆ ಗ್ಲಾಸಿನ ಮೇಲಂಚಿಗೆ ಕಪ್ಪು ಪಟ್ಟಿ ಅಂಟಿಸುವುದೂ ಒಂದು ಉಪಾಯ. ಗದ್ದ ಸ್ವಲ್ಪ ತಗ್ಗಿಸಿದರೆ ಸೂರ್ಯ ಅದರ ಹಿಂದೆ ಮರೆಯಾಗುತ್ತಾನೆ. ನೇರ ನೋಡುವಾಗ ಪಟ್ಟಿ ಕಣ್ಣಿಗೆ ಬೀಳದಷ್ಟು ಮೇಲಿರಲಿ.

ಹಂತ 7: ಮಂಜು, ಮಳೆ

ಉಸಿರಿನ ಬಿಸಿ ತೇವ ತಣ್ಣನೆಯ ಗ್ಲಾಸಿಗೆ ತಾಗಿ ಹನಿಗಟ್ಟುತ್ತದೆ. ಮಂಗಳೂರು, ಉಡುಪಿ, ಮಲೆನಾಡಿನ ಮಳೆಗಾಲದಲ್ಲಿ ಬಣ್ಣಕ್ಕಿಂತ ದೊಡ್ಡ ತೊಂದರೆ ಇದು. ಒಳ್ಳೆಯ ಪರಿಹಾರ ಪಿನ್‌ಲಾಕ್: ಗ್ಲಾಸಿನ ಒಳಮೈಗೆ ಎರಡು ಗೂಟಗಳ ನಡುವೆ ಸಿಕ್ಕಿಸುವ ಎರಡನೇ ತೆಳು ಹಾಳೆ. ಅಂಚಿನ ಸಿಲಿಕೋನ್ ಗೆರೆ ಗ್ಲಾಸಿಗೆ ಅಂಟಿ ನಡುವೆ ಗಾಳಿಯ ಪದರ ಉಳಿಯುತ್ತದೆ, ಒಳಹಾಳೆ ತಣ್ಣಗಾಗುವುದಿಲ್ಲ. ಗೂಟ ಇರುವ ಗ್ಲಾಸಿಗೆ ಮಾತ್ರ ಇದು ಕೂರುತ್ತದೆ, ಪಿನ್‌ಲಾಕ್ ರೆಡಿ ಎಂದು ಬರೆದಿರುತ್ತದೆ. ಹಾಕಿದ ಮೇಲೂ ನಡುವೆ ಹಬೆ ಕಟ್ಟಿದರೆ ಸಿಲಿಕೋನ್ ಗೆರೆ ಎಲ್ಲೋ ಅಂಟಿಲ್ಲ ಎಂದರ್ಥ. ಗೂಟವನ್ನು ಸ್ವಲ್ಪ ತಿರುಗಿಸಿ ಬಿಗಿ ಮಾಡಿ. ಗೂಟವಿಲ್ಲದವರು ಮೊದಲ ಮೆಟ್ಟಿಲಿಗೆ ಗ್ಲಾಸ್ ತೆರೆದು, ಗದ್ದದ ಗಾಳಿಕಿಂಡಿ ಬಿಟ್ಟುಕೊಂಡು ಓಡಿಸಿ.

ಹಂತ 8: ಆರೈಕೆ, ಬದಲಾವಣೆ

ದೂಳು ಕೂತ ಗ್ಲಾಸನ್ನು ಒಣ ಬಟ್ಟೆಯಲ್ಲಿ ಎಂದೂ ಉಜ್ಜಬೇಡಿ, ಗೀರು ಬೀಳುವುದು ಹಾಗೇ. ಒದ್ದೆ ಬಟ್ಟೆಯನ್ನು ಐದು ನಿಮಿಷ ಹೊದಿಸಿ, ನೀರು ಹಾಯಿಸಿ, ಒಂದು ಹನಿ ಪಾತ್ರೆ ತೊಳೆಯುವ ಸೋಪು ಅಥವಾ ಬೇಬಿ ಶ್ಯಾಂಪೂ ಬೆರಳಲ್ಲಿ ಸವರಿ ತೊಳೆದು, ಮೈಕ್ರೋಫೈಬರ್ ಬಟ್ಟೆಯಲ್ಲಿ ಒತ್ತಿ ಒರೆಸಿ. ಕಿಟಕಿ ಗಾಜಿನ ಸ್ಪ್ರೇ, ಪೆಟ್ರೋಲ್, ಥಿನ್ನರ್, ಸ್ಪಿರಿಟ್ ಯಾವುದೂ ಬೇಡ. ಗ್ಲಾಸಿನ ಗಟ್ಟಿ ಲೇಪನ ಕರಗುತ್ತದೆ, ಚಿಪ್ಪಿನ ಪ್ಲಾಸ್ಟಿಕ್ಕೂ ಬಿರುಕು ಬಿಡುತ್ತದೆ. ಪಿನ್‌ಲಾಕ್ ಹಾಳೆ ಇನ್ನೂ ಮೆದು, ಅದನ್ನು ನೀರಲ್ಲಿ ಅದ್ದಿ ಗಾಳಿಗೆ ಒಣಗಿಸಿ.

ಫೋಟೋಕ್ರೋಮಿಕ್ ಗ್ಲಾಸಿನ ಹೆಲ್ಮೆಟ್ಟನ್ನು ದಿನವಿಡೀ ಬಿಸಿಲಲ್ಲಿ ಗಾಡಿಯ ಮೇಲೆ ಬಿಟ್ಟರೆ ಓಡಿಸದೆಯೇ ಅದರ ಆಯುಸ್ಸು ಕಳೆಯುತ್ತದೆ, ಚೀಲದಲ್ಲಿಡಿ. ಕನ್ನಡಿಗೆ ಸಿಕ್ಕಿಸುವುದು ಯಾವ ಹೆಲ್ಮೆಟ್‌ಗೂ ಒಳ್ಳೆಯದಲ್ಲ. ಕನ್ನಡಿಯ ತುದಿ ಒಳಗಿನ ಥರ್ಮಾಕೋಲ್‌ಗೆ ಒತ್ತಿ ಗುಳಿ ಮಾಡುತ್ತದೆ. ಕ್ಯಾಮೆರಾಕ್ಕೆಂದು ತೂತು ಕೊರೆಯಬೇಡಿ. ತಲೆಗೆ ಎಣ್ಣೆ ಹಚ್ಚುವವರು ಒಳಬಟ್ಟೆಯನ್ನು ಎರಡು ವಾರಕ್ಕೊಮ್ಮೆ ತೆಗೆದು ತಣ್ಣೀರು, ಸೌಮ್ಯ ಸೋಪಿನಲ್ಲಿ ಕೈಯಲ್ಲೇ ತೊಳೆದು ನೆರಳಲ್ಲಿ ಒಣಗಿಸಿ.

ತಲೆ ಒಳಗಿದ್ದಾಗ ಒಮ್ಮೆ ಜೋರು ಪೆಟ್ಟು ಬಿದ್ದ ಹೆಲ್ಮೆಟ್ ಅಲ್ಲಿಗೆ ಮುಗಿಯಿತು, ಹೊರಗೆ ಗೀರೂ ಕಾಣದಿದ್ದರೂ ಸರಿ. ಪೆಟ್ಟು ಬೀಳದಿದ್ದರೂ ದಿನಾ ಬಳಸುವುದನ್ನು ಐದು ವರ್ಷಕ್ಕೆ ಬದಲಿಸಿ. ಬೆವರು, ಎಣ್ಣೆ, ಬಿಸಿಲಿಗೆ ಒಳಪದರ ಮತ್ತು ಅಂಟು ಸೋಲುತ್ತವೆ. ನಾಲ್ಕನೇ ಹಂತದ 'ಕಳಚುವ' ಪರೀಕ್ಷೆಯನ್ನು ಆರು ತಿಂಗಳಿಗೊಮ್ಮೆ ಮತ್ತೆ ಮಾಡಿ. ಕೆನ್ನೆ ಪ್ಯಾಡ್ ಸಡಿಲವಾಗಿದ್ದರೆ ಮೊದಲು ಪ್ಯಾಡ್ ಬದಲಿಸಿ, ಆಗಲೂ ಕಳಚಿ ಬಂದರೆ ಹೆಲ್ಮೆಟ್ ಬದಲಿಸಿ. ಹಳೆಯದನ್ನು ಯಾರಿಗೂ ಕೊಡಬೇಡಿ: ಪಟ್ಟಿ ಕತ್ತರಿಸಿಯೇ ಎಸೆಯಿರಿ, ಆಗ ಇನ್ನೊಬ್ಬರು ಅದನ್ನು ಎತ್ತಿಕೊಂಡು ಹಾಕುವುದಿಲ್ಲ.